ಗಿಡ್ಡ ಡಬ್ಬಕ್ಕೊಂದು ಗ್ರಾಫಿಕ್ಸ್ ಕಾರ್ಡು

ಮದುವೆ ಆಲ್ಬಂ ಜೋಡಿಸುವುದು ನನ್ನ ಕೆಲಸ. ಕಾಮಸಮುದ್ರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ನಡುಮನೆಯ ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಫೋಟೋಗ್ರಾಫರುಗಳು ಪೆನ್‌ಡ್ರೈವ್ ಕೊಟ್ಟು ಹೋಗುತ್ತಾರೆ, ನಾನು ಪುಟ ಮಾಡಿ ಕೊಡುತ್ತೇನೆ. ಕಂಪ್ಯೂಟರು ಯಾವುದೋ ಆಫೀಸಿನವರು ಬಳಸಿ ಬಿಟ್ಟದ್ದು. ಅದರ ಸಿಪಿಯು ಎತ್ತರದ್ದಲ್ಲ, ಸೀರೆ ಡಬ್ಬದ ಹಾಗೆ ತೆಳ್ಳಗಿನದು.

ಕಳೆದ ವರ್ಷ ಮದುವೆಗಳ ಕಾಲದಲ್ಲೇ ಒಂದು ಬೆಳಿಗ್ಗೆ ಪರದೆಯ ತುಂಬ ಹಸಿರು ಗೆರೆಗಳು ಎದ್ದವು. ಮಧ್ಯಾಹ್ನದ ಹೊತ್ತಿಗೆ ಪರದೆ ಪೂರ್ತಿ ಕಪ್ಪಾಯಿತು. ಕೆಲಸ ಕೊಡುವ ಫೋಟೋಗ್ರಾಫರೊಬ್ಬರಿಗೆ ಫೋನ್ ಮಾಡಿದೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹೋಗಿರಬೇಕು, ಅದನ್ನು ತೆಗೆದು ಮಾನಿಟರಿನ ವೈರನ್ನು ಸಿಪಿಯುವಿನದೇ ಇನ್ನೊಂದು ಕಿಂಡಿಗೆ ಹಾಕಿ ನೋಡಿ ಎಂದರು. ಹಾಕಿದೆ. ಚಿತ್ರವೇನೋ ಬಂತು, ಆದರೆ ಆಲ್ಬಂ ಪುಟದಲ್ಲಿ ಒಂದು ಫೋಟೋ ಪಕ್ಕಕ್ಕೆ ಸರಿಯುವಷ್ಟರಲ್ಲಿ ಹಸುವಿಗೆ ನೀರಿಟ್ಟು ಬರಬಹುದಿತ್ತು.

ಹೊಸ ಕಾರ್ಡಿಗಾಗಿ ಮಾರನೆಯ ದಿನ ರಾಬರ್ಟ್‌ಸನ್‌ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೊರಟೆ. ತಂದ ಕಾರ್ಡು ಒಳಗೆ ಕೂರದಿದ್ದರೆ ಮತ್ತೆ ಅಲೆಯಬೇಕಲ್ಲ ಎಂದು ಇಡೀ ಸಿಪಿಯುವನ್ನೇ ದುಪ್ಪಟಿಯಲ್ಲಿ ಸುತ್ತಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಒಬ್ಳೇ ಎಂಗ್ ಎತ್ಕೊಂಡ್ ಓಗ್ತೀಯಮ್ಮ? ಇರು, ನಾನೂ ಬತ್ತೀನಿ.”

ನಾನು ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನ ಕೆಲಸಕ್ಕೆ ಅಡ್ಡ ಬಂದವರಲ್ಲ, ಹತ್ತಿರ ಬಂದು ನೋಡಿದವರೂ ಅಲ್ಲ. ಕರೆಂಟಿನ ಸಾಮಾನು ಎಂದು ದೂರವೇ ಇರುತ್ತಿದ್ದರು. ಆವತ್ತು ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

“ಏನಮ್ಮ ಇದು?” ಎಂದು ಕಂಡಕ್ಟರ್ ಕೇಳಿದ.

“ಕಂಪ್ಯೂಟ್ರು ಕಣಪ್ಪ. ಉಸಾರಿಲ್ಲ.”

“ನಿಮ್ಮಿಬ್ರಿಗೂ ಫ್ರೀ. ಇದಕ್ಕೆ ಲಗೇಜ್ ಆಯ್ತದೆ.”

“ಇದ್ನೂ ಎಂಗಸು ಅಂತ್ಲೇ ಬರ್ಕೊಳ್ಳಪ್ಪ” ಎಂದರು ಅತ್ತೆ. ಕಂಡಕ್ಟರ್ ನಗುತ್ತಲೇ ಲಗೇಜ್ ಟಿಕೆಟ್ ಹರಿದುಕೊಟ್ಟ.

ಅಂಗಡಿಯವರ ಮನೆಮಾತು ತಮಿಳು. ನನ್ನೊಡನೆ ಕನ್ನಡದಲ್ಲಿ, ಅತ್ತೆಯೊಡನೆ ತೆಲುಗಿನಲ್ಲಿ ಮಾತಾಡುತ್ತ ಸಿಪಿಯುವಿನ ಮುಚ್ಚಳ ಬಿಚ್ಚಿದರು. “ಇಷ್ಟು ಹಳೇದಕ್ಕೆ ಕಾರ್ಡ್ ಹುಡುಕೋ ಬದ್ಲು ಹೊಸ ಕಂಪ್ಯೂಟರ್ರೇ ತಗೊಳ್ಳಿ ಮೇಡಂ” ಎಂದರು.

“ಬೇರೇನಾದ್ರೂ ಕೆಟ್ಟಿದ್ಯಾ?”

“ಇಲ್ಲ, ಬಾಕಿ ಎಲ್ಲಾ ಚೆನ್ನಾಗಿದೆ.”

“ಹಾಗಾದ್ರೆ ಕಾರ್ಡೇ ಕೊಡಿ.”

ಮೊದಲು ತೆಗೆದದ್ದಕ್ಕೆ ಎರಡು ಫ್ಯಾನು. ನೋಡಲು ಚೆಂದವಿತ್ತು, ಆದರೆ ಅದಕ್ಕೆ ಬೇರೆಯದೇ ಪವರ್ ವೈರು ಬೇಕು, ನಮ್ಮ ಸಿಪಿಯುವಿನಲ್ಲಿ ಅದಿಲ್ಲ. ಇನ್ನೊಂದಕ್ಕೆ ವೈರಿನ ಗೊಡವೆಯಿರಲಿಲ್ಲ. ಆದರೆ ಎತ್ತರ ಹೆಚ್ಚಾಗಿ ಮುಚ್ಚಳ ಕೂರಲಿಲ್ಲ. ಆಮೇಲೆ ಗಿಡ್ಡದೊಂದು ಸಿಕ್ಕಿತು. ಸಲೀಸಾಗಿ ಕೂತಿತು, ಮುಚ್ಚಳವೂ ಸರಿಯಾಗಿ ಮುಚ್ಚಿತು. ನನಗೆ ಸಮಾಧಾನವಾಗುವಷ್ಟರಲ್ಲಿ ನೋಡಿದರೆ ಪರದೆ ಕಪ್ಪಾಗಿಯೇ ಇತ್ತು.

“ಕಾರ್ಡ್ ಹೊಸದು, ಒಳಗಿರೋ ಬೋರ್ಡ್ ಹಳೇದು. ಇದನ್ನ ಅದು ಗುರುತು ಹಿಡೀತಿಲ್ಲ” ಎಂದರು ಅಂಗಡಿಯವರು.

ನನ್ನ ಮುಖ ಸಪ್ಪಗಾದದ್ದನ್ನು ಕಂಡು ಅತ್ತೆ, “ಅಷ್ಟು ದೂರದಿಂದ ಬಂದಿದ್ದೀವಿ, ಇನ್ನೊಂದ್ ನೋಡಪ್ಪ” ಎಂದು ತೆಲುಗಿನಲ್ಲೇ ಹೇಳಿದರು. ಅಂಗಡಿಯವರು ಸ್ಟೂಲು ಹಾಕಿಕೊಂಡು ಮೇಲಿನ ಕಪಾಟಿನಿಂದ ಒಂದು ಡಬ್ಬ ಇಳಿಸಿದರು. ಕೆಲವು ವರ್ಷ ಹಿಂದಿನ ಮಾಡೆಲ್ಲು, ಮಾರಾಟವಾಗದೆ ಉಳಿದದ್ದು. ಕಾರ್ಡು ಗಿಡ್ಡವೇ, ಸಿಪಿಯುವಿನ ಹಿಂಬದಿಗೆ ಬಿಗಿಯಲು ಅದಕ್ಕೆ ಜೋಡಿಸಿದ್ದ ತಗಡಿನ ಪಟ್ಟಿ ಮಾತ್ರ ಉದ್ದ. ಗಿಡ್ಡ ಪಟ್ಟಿಯೊಂದು ಡಬ್ಬದಲ್ಲೇ ಇತ್ತು. ಸ್ಕ್ರೂ ಬಿಚ್ಚಿ ಅದನ್ನು ಹಾಕಿ, ಸ್ವಿಚ್ ಒತ್ತಿದರು. ಚಿತ್ರ ಬಂತು.

ಪರೀಕ್ಷಿಸಲೆಂದು ಅರ್ಧ ಮಾಡಿದ್ದ ಆಲ್ಬಂ ತೆರೆದೆ. ಅತ್ತೆ ಮೇಜಿನ ಹತ್ತಿರ ಬಂದರು.

“ಇವ್ಳು ನಮ್ ಕೆಳಗಿನ ಬೀದಿ ಉಡ್ಗಿ ಅಲ್ವಾ?”

“ಹೌದತ್ತೆ.”

“ಧಾರೆ ಎರೆಯೋವಾಗ ಅವರಮ್ಮ ಕಣ್ಣೀರ್ ಆಕ್ತಾ ಅವ್ಳೆ ನೋಡು. ಅದ್ನ ಯಾಕಮ್ಮ ಅಷ್ಟು ಸಣ್ಣಕ್ಕೆ ಮೂಲೇಗೆ ಆಕಿದ್ದೀಯ?”

ನೋಡಿದೆ. ಪುಟದ ಮುಕ್ಕಾಲು ಭಾಗ ಸ್ಟೇಜಿನ ಹೂವಿನ ಅಲಂಕಾರವಿತ್ತು, ತಾಯಿ ಒಂದು ಮೂಲೆಯಲ್ಲಿದ್ದರು. ಅಂಗಡಿಯಲ್ಲಿ ನಿಂತೇ ಹೂವನ್ನು ತೆಗೆದು ಆ ತಾಯಿಯನ್ನು ನಡುವೆ ತಂದೆ. ಫೋಟೋ ಕೈ ಹೇಳಿದಂತೆ ಸರಿಯಿತು, ಒಂದಿಷ್ಟೂ ತಡೆಯಲಿಲ್ಲ. ಕಾರ್ಡು ಕೂತದ್ದಕ್ಕೊಂದು, ಪುಟ ಕೂತದ್ದಕ್ಕೊಂದು, ನನಗೆ ಎರಡು ಥರದ ಸಂತೋಷ ಒಟ್ಟಿಗೇ ಆಯಿತು.

ಆಲ್ಬಂ ಹೇಳಿದ ಹೊತ್ತಿಗೆ ಮುಗಿಯಿತು. ಹುಡುಗಿಯ ತಾಯಿ ಅದನ್ನು ನಮ್ಮ ಮನೆಗೆ ತಂದು ತೋರಿಸಿದಾಗ ಆ ಪುಟ ಬಂದ ಮೇಲೆ ಮುಂದಕ್ಕೆ ತಿರುವಲೇ ಇಲ್ಲ. ಅತ್ತೆ ಅವರಿಗೆ ಕಾಫಿ ತಂದುಕೊಟ್ಟರು.

ಈಗ ಹಾಲಿನ ಕೆಲಸ ಮುಗಿದ ಮೇಲೆ ಅತ್ತೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳುತ್ತಾರೆ. ಕಾರ್ಡು ತಕರಾರಿಲ್ಲದೆ ನಡೆಯುತ್ತಿದೆ, ಆಗಾಗ ಧೂಳು ಒರೆಸಿದರೆ ಸಾಕು. ತಕರಾರೆಲ್ಲ ಅತ್ತೆಯದು: ಬಾಯಿ ತೆರೆದು ಉಣ್ಣುವವರ ಫೋಟೋ ಬೇಡ, ಮುನಿಸಿಕೊಂಡು ನಿಂತ ಚಿಕ್ಕಪ್ಪನನ್ನು ಬಿಡುವ ಹಾಗಿಲ್ಲ. ಮೊನ್ನೆ ಒಂದು ಆಲ್ಬಂನಲ್ಲಿ ಅಡುಗೆಯವರ ಫೋಟೋ ಇರಲೇಬೇಕೆಂದು ಪಟ್ಟು ಹಿಡಿದರು. ಜಾಗವಿರಲಿಲ್ಲ. ನನ್ನ ಪ್ರೀತಿಯ ಹೂವಿನ ಚಪ್ಪರವನ್ನು ಕಿರಿದು ಮಾಡಿ ಸೇರಿಸಿದೆ.