ಕೆಂಪಿನ ಹನಿ ಹಾಕಿದ್ದೆನೋ ಇಲ್ಲವೋ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಶೀತಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟು ಹೋಳಕ್ಕ ಉಸಿರು ಬಿಗಿಹಿಡಿದಿದ್ದಾರೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟುಹೋದ ಮೆದುಳಿನ ಹೆಪ್ಪುಗಟ್ಟಿದ ಚೂರಿನಿಂದ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಹೋಳೊಂದು ಗಾಜಿನ ಮೇಲೆ ಕೂರುತ್ತದೆ. ವರ್ಷಗಟ್ಟಲೆ ಇದೇ ಕೆಲಸ. ನಿಜವಾದ ಹೆಸರು ಮೂಲೆಗೆ ಬಿದ್ದು ಹೋಳಕ್ಕ ಎಂಬುದೇ ಗಟ್ಟಿಯಾಗಿದೆ.

ಹೋಳಿಗೆ ಬಣ್ಣ ಕಟ್ಟುವುದೂ ಅವರೇ. ಅಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನೊಳಗೆ ಗಡ್ಡೆಗಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನಿಗೆ ಹಸಿರು. ಮೈಕ್ರೋಗ್ಲಿಯಾ ಎಂಬ ಕಾವಲು ಜೀವಕೋಶಗಳಿಗೆ ಕೆಂಪು.

“ಅವಕ್ಕೆ ಕಣ್ಣಿಲ್ಲ ನೋಡಿ. ಮೈಮೇಲಿನ ಪುಟ್ಟ ಕೊಂಡಿಗಳಿಂದ ಮುಟ್ಟಿ, ಗಡ್ಡೆಗೆ ಅಂಟಿರೋ ಕೊಬ್ಬಿಂದ ಗುರುತು ಹಿಡೀತಾವಂತೆ. ಗುರುತು ಸಿಕ್ರೆ ಮುತ್ಕೋತಾವೆ. ಕೊಂಡಿ ಕೈಕೊಟ್ರೆ ಪಕ್ಕದಲ್ಲೇ ಇದ್ರೂ ಸುಮ್ನಿರ್ತಾವೆ,” ಎನ್ನುತ್ತಾರೆ ಹೋಳಕ್ಕ.

ಇವತ್ತು ಅವರ ಮುಖ ಸಪ್ಪಗಿದೆ. ನಿನ್ನೆಯ ಸ್ಲೈಡಿನಲ್ಲಿ ಹಸಿರು ಗಡ್ಡೆಗಳಿವೆ, ಸುತ್ತ ಕೆಂಪೇ ಇಲ್ಲ. ಕೆಂಪಿನ ಹನಿ ಹಾಕಿದ್ದೆನೋ ಇಲ್ಲವೋ? ಸೂಕ್ಷ್ಮದರ್ಶಕದಲ್ಲಷ್ಟೇ ಅದು ಕೆಂಪು; ಹಾಕುವಾಗ ನೀರಿನಂತೆ ತಿಳಿ, ನೋಡಿ ಹೇಳುವಂತಿಲ್ಲ. ತಲೆ ಕೆರೆದುಕೊಂಡರೂ ನೆನಪಾಗದು. ಮನೆಯಲ್ಲಿ ಅಮ್ಮನಿಗೆ ಇದೇ ಕಾಯಿಲೆ. ಅವರ ಮರೆವು ಶುರುವಾದದ್ದೂ ಹೀಗೇ, ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು. ಹೋಳಕ್ಕನಿಗೆ ಹೆದರಿಕೆಯಾಗಿದೆ.

ಸಂಶೋಧಕಿ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅವರೂ ಗೊಂದಲಕ್ಕೆ ಬೀಳುತ್ತಾರೆ. “ಹಾಕಿಲ್ಲ ಅಂತ್ಲೇ ಕಾಣುತ್ತಲ್ಲಕ್ಕಾ.” ಸ್ಲೈಡನ್ನು ಅಂಚಿನ ತನಕ ಸರಿಸಿ, ಥಟ್ಟನೆ ಕರೆಯುತ್ತಾರೆ. “ಬನ್ನಿ ಇಲ್ಲಿ! ರಕ್ತನಾಳದ ಹತ್ರ ಕೆಂಪು ಎಷ್ಟಿದೆ ನೋಡಿ. ಹನಿ ಹಾಕಿದ್ದೀರಿ. ಗಡ್ಡೆ ಗುರುತು ಸಿಗದೆ ಹೋಗಿದ್ದು ಈ ಜೀವಕೋಶಗಳಿಗೆ.”

ಹೋಳಕ್ಕ ನಗುತ್ತಾರೆ. ನಗುತ್ತಲೇ ಕಣ್ಣು ತುಂಬುತ್ತದೆ. “ಹಾಕಿದ್ದು ಈಗ್ಲೂ ನೆನಪಿಲ್ಲ ಮೇಡಂ. ಖುಷಿ ಪಡ್ಲೋ, ಭಯ ಪಡ್ಲೋ?”

“ದಿನಾ ಮಾಡೋ ಕೆಲ್ಸ. ನಿಮಗೆ ನೆನಪಿಲ್ದಿದ್ರೂ ಕೈಗೆ ನೆನಪಿತ್ತು ಬಿಡಿ.”

ಆ ಮಾತು ಮನೆಯ ತನಕವೂ ಅವರ ಬೆನ್ನು ಬಿಡುವುದಿಲ್ಲ. ಮಂಚದ ಮೇಲೆ ಕೂತ ಅಮ್ಮ ಮಗಳನ್ನು ಅಪರಿಚಿತರಂತೆ ನೋಡುತ್ತಾರೆ. “ಯಾರಮ್ಮಾ ನೀವು?” ಹೋಳಕ್ಕ ಶೀತಪೆಟ್ಟಿಗೆಯ ತಂಪು ಇನ್ನೂ ಬಿಡದ ಕೈಯನ್ನು ಚಾಚುತ್ತಾರೆ. ಅಮ್ಮ ಅದನ್ನು ಸವರುತ್ತಾರೆ, ತಮ್ಮೆರಡು ಅಂಗೈ ನಡುವೆ ಒತ್ತಿಹಿಡಿಯುತ್ತಾರೆ. “ಎಷ್ಟು ತಣ್ಣಗಿದ್ಯೇ! ಕೆಲ್ಸ ಮುಗೀತಾ, ಮಗಳೇ?”

ನಿಮಗೇನು ಆಸೆ ಎಂದು ಕೇಳಿದರೆ ಹೋಳಕ್ಕ ನಾಚುತ್ತಾರೆ.

“ಏನಿಲ್ಲ. ಗುರುತು ಸಿಗ್ಲಿ ಅಂತ ರಜಾ ದಿನಾನೂ ಕೈನ ತಣ್ಣೀರಲ್ಲಿ ಅದ್ದಿಕೊಂಡೇ ಅಮ್ಮನ ಹತ್ರ ಹೋಗ್ತೀನಿ. ನಾಳೆ ನನಗೇ ಮರೆತುಹೋದ್ರೂ, ಅಷ್ಟು ಈ ಕೈಗೆ ನೆನಪಿದ್ರೆ ಸಾಕು.”