ಕಾರಿಗೆ ಸುಳಿ ನೋಡಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದ ಹಾಗೆ ದಪ್ಪಗೆ, ಕರ್ರಗೆ ಇತ್ತು. ನಲವತ್ತು ವರ್ಷ ಎತ್ತುಗಳ ತುಟಿ ಬಿಡಿಸಿ ಹಲ್ಲು ನೋಡಿ ನೋಡಿ ಹಾಗಾಗಿತ್ತು. ಊಟಕ್ಕೆ ಕೂತಾಗ ದೊಡ್ಡಮ್ಮ "ಆ ಕೈಯ್ಯ ಇನ್ನೊಂದ್ಸಲ ತೊಳ್ಕೊಬಾರ್ದಾ?" ಎಂದು ಗೊಣಗದ ದಿನವಿರಲಿಲ್ಲ.

ಭೀಮನಬೀಡಿನ ಈ ನನ್ನ ದೊಡ್ಡಪ್ಪ ದನದ ದಳ್ಳಾಳಿ. ಸಂತೆಯಲ್ಲಿ ಒಂದು ಜೋಡಿಯ ಸುತ್ತ ಒಮ್ಮೆ ಸುತ್ತಿ ಬಂದು "ಆಗ್ಬೋದು" ಎಂದರೆ ಕೊಳ್ಳುವವನು ಮತ್ತೆ ಹಲ್ಲು ಎಣಿಸುತ್ತಿರಲಿಲ್ಲ. "ಬ್ಯಾಡ" ಎಂದರೆ ಮಾರುವವನೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ, ಎತ್ತು ಹೊಡೆದುಕೊಂಡು ಮನೆಗೆ ಹೋಗುತ್ತಿದ್ದ. ಹೊಲ ಇದ್ದದ್ದು ಅಷ್ಟಕ್ಕಷ್ಟೆ. ಆ ಮಾತಿನ ಬೆಲೆಯ ಮೇಲೇ ಆತನ ಮನೆ ನಡೆಯುತ್ತಿತ್ತು.

ನಾನೋ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವನು. ಐವತ್ತರ ದಶಕದ ಮಧ್ಯದಲ್ಲಿ ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾಗಿದ್ದೆ. ಒಂದು ದಿನ ಹೆಡ್‌ಮಾಸ್ಟರ ಮೇಜಿನ ಮೇಲೆ ರಾಜೀನಾಮೆ ಬಿಸಾಕಿ ಬಂದು, ಬಾಡಿಗೆ ಕಾರು ಓಡಿಸ್ತೀನಿ ಎಂದು ಊರಿಗೆಲ್ಲ ಸಾರಿಬಿಟ್ಟೆ. ಕಾರು ಓಡಿಸಲು ಕಲಿತಿದ್ದೆ, ಪರ್ಮಿಟ್ಟಿಗೂ ಅರ್ಜಿ ಹಾಕಿದ್ದೆ. ಕಾರೊಂದೇ ಇರಲಿಲ್ಲ! ಮೂರು ತಿಂಗಳು ಕಳೆದವು. ಹೆಂಡತಿ ಮಾತಾಡುವುದಿದ್ದರೆ ಗೋಡೆಯ ಕಡೆ ನೋಡಿಕೊಂಡು ಮಾತಾಡುತ್ತಿದ್ದಳು.

ಆಗ ಚಾಮರಾಜನಗರದ ಸಾವ್ಕಾರರೊಬ್ಬರು ಹೊಸ ಕಾರು ತರಿಸುತ್ತಿದ್ದಾರೆ, ತಮ್ಮ ಹಳೆಯ ಕಾರು ಮಾರುತ್ತಾರೆಂದು ಸುದ್ದಿ ಬಂತು. ಎರಡನೇ ಮಹಾಯುದ್ಧಕ್ಕೆ ಮುಂಚೆ ಕೊಂಡ ವಿಲಾಯಿತಿ ಕಾರು, ಕಡುಹಸಿರು ಬಣ್ಣದ್ದು. ಚಪ್ಪಲಿ ಬಿಟ್ಟು ಹತ್ತಬೇಕು, ಸೋಮವಾರ ಸೋಮವಾರ ಬಾನೆಟ್ಟಿಗೆ ವಿಭೂತಿ ಬಳಿಯಬೇಕು, ಹಾಗೆ ಸಾಕಿದ್ದರು. ಆ ಮನೆಗೆ ಉಳುವ ಎತ್ತುಗಳನ್ನೆಲ್ಲ ಕೊಡಿಸುತ್ತಿದ್ದವನು ದೊಡ್ಡಪ್ಪನೇ. ಆತ ಒಂದು ಮಾತು ಹೇಳಿದರೆ ಕಾರು ನನಗಾಗುತ್ತದೆ ಎಂದು ಜತೆಗೆ ಕರೆದುಕೊಂಡು ಹೋದೆ. ಕಾರನ್ನು ಆತ ಪರೀಕ್ಷೆ ಮಾಡಲು ಹೊರಡುತ್ತಾನೆಂದು ಯಾರಿಗೆ ಗೊತ್ತಿತ್ತು?

ಕಾರು ಕಂಡ ಕೂಡಲೇ ನಾನು ಸೋತುಹೋದೆ. ಅಷ್ಟು ಚೆಂದ! ದೊಡ್ಡಪ್ಪ ಅದರ ಕಡೆ ಸರಿಯಾಗಿ ಕಣ್ಣೇ ಹಾಯಿಸಲಿಲ್ಲ. ಪಕ್ಕದಲ್ಲಿ ಖಾಕಿ ಕೋಟು ಹಾಕಿ ನಿಂತಿದ್ದ ಡ್ರೈವರನ್ನು ನೋಡುತ್ತಿದ್ದ. ಐವತ್ತು ದಾಟಿದ ಸಣಕಲು ಮನುಷ್ಯ. ಸಾವ್ಕಾರರ ಹಿತ್ತಿಲಿನ ಮನೆಯಲ್ಲೇ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಸಮೇತ ಇದ್ದವನು.

"ಎಷ್ಟ್ ವರ್ಸದಿಂದ ಇದ್ನ ಸಾಕ್ತಾ ಇದ್ದಯ್ಯಪ್ಪ?" ಎಂದು ದೊಡ್ಡಪ್ಪ ಕೇಳಿದ.

"ಬಂದಾಗ್ನಿಂದ ನಾನೇ ಕಣಯ್ಯ," ಎಂದ ಡ್ರೈವರು. ದನಿ ಸಣ್ಣಗಿತ್ತು.

ಸಾವ್ಕಾರರು ಜಗಲಿಯಿಂದಲೇ ಹೇಳಿದರು: "ನೋಡಿ ಮೇಷ್ಟ್ರೇ, ನಾಳೆ ಬೆಳಿಗ್ಗೆ ಊಟಿಯೋರೊಬ್ರು ಬತ್ತವ್ರೆ. ಬಂದ ಕೈಲೇ ಓಡಿಸ್ಕೊಂಡು ಹೋಗ್ತೀನಿ ಅಂದವ್ರೆ. ಬೇಕೋ ಬೇಡ್ವೋ ಇವತ್ತೇ ಹೇಳ್ಬುಡಿ. ಮಾರೋವರ್ಗೂ ಸ್ಟೇರಿಂಗು ನಮ್ಮ ಡ್ರೈವರ್ ಕೈಲೇ ಇರ್ಬೇಕು, ಅದೊಂದು."

ಗುಂಡ್ಲುಪೇಟೆ ದಾರಿಯಲ್ಲಿ ಹೊರಟೆವು. ಇಂಜಿನ್ನಿನ ಸದ್ದು ಕೇಳಿಯೇ ನಾನು ಮನಸ್ಸಿನಲ್ಲಿ ವ್ಯಾಪಾರ ಮುಗಿಸಿದೆ. ಎರಡು ಮೈಲಿಗೆ ಡ್ರೈವರು ನಿಧಾನಿಸಿ, "ಇಷ್ಟ್ ಸಾಕಲ್ವರಾ? ತಿರುಗ್ಸಾನ?" ಎಂದ.

"ಸಮಕ್ಕಿರೋ ದಾರೀಲಿ ಯಾವ ಎತ್ತಾದ್ರೂ ಚೆಂದಾಗೇ ನಡೀತದ," ಎಂದ ದೊಡ್ಡಪ್ಪ ಹಿಂದಿನ ಸೀಟಿನಿಂದ. "ಏರಿ ಹತ್ಸಿ ಇಳ್ಸು, ನೋಡನ."

ಡ್ರೈವರು ಕಾರು ಮುಂದಕ್ಕೆ ಬಿಟ್ಟ. ಮುಂದೆ ದಾರಿ ಒಂದು ಕೆರೆ ಏರಿ ಹತ್ತಿ ಆಚೆ ಕಡೆ ಇಳಿಯುತ್ತಿತ್ತು. ಏರಿಯ ನೆತ್ತಿ ಇನ್ನೂ ದೂರವಿರುವಾಗಲೇ ಆತ ಗೇರು ಇಳಿಸಿದ, ಎಡಗೈಯಿಂದ ಹ್ಯಾಂಡ್‌ಬ್ರೇಕ್ ತಡವಿ ನೋಡಿಕೊಂಡ. ದೊಡ್ಡಪ್ಪ ನನ್ನ ಭುಜ ಹಿಡಿದು ಕಿವಿಯಲ್ಲಿ ಹೇಳಿದ: "ಇಳಿಜಾರು ಇನ್ನೂ ಬಂದಿಲ್ಲ, ಇವ ಇಲ್ಲೇ ಬೆವರ್ತಾ ಅವ್ನ ಕಣ್ಲಾ."

"ಸುಮ್ನಿರು ದೊಡ್ಡಪ್ಪ," ಎಂದೆ. ಕಾರಿನ ವಿಷಯ ಈತನಿಗೇನು ಗೊತ್ತು ಎಂಬ ಉರಿ ನನಗೆ.

ನೆತ್ತಿ ದಾಟಿದ್ದೇ ತಡ, ಕೆಳಗೆ ಅರಿಶಿನ ಹೇರಿಕೊಂಡ ನಾಲ್ಕು ಗಾಡಿಗಳು ದಾರಿಗೆ ಅಡ್ಡಡ್ಡಲಾಗಿ ಬರುತ್ತಿದ್ದವು. ಡ್ರೈವರು ಬ್ರೇಕು ತುಳಿದ. ಕಾರು ನಿಲ್ಲಲಿಲ್ಲ. ಮತ್ತೆ ತುಳಿದ, ಮತ್ತೆ ಮತ್ತೆ ತುಳಿದ. ಕಾಲು ತಳ ಮುಟ್ಟುವ ಸದ್ದು ನನಗೆ ಕೇಳುತ್ತಿತ್ತು. ಒಂದು ಕಡೆ ಕೆರೆ, ಇನ್ನೊಂದು ಕಡೆ ಆಳದ ಗದ್ದೆ. ಗಾಡಿಯವನು ಎದ್ದು ನಿಂತು ಬಾಯಿ ಬಾಯಿ ಬಡಿದುಕೊಂಡ. ಗೇರು ಕರಕರ ಎಂದಿತು. ಡ್ರೈವರು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದ. ಕಾರು ಓರೆಯಾಗಿ, ಕೆರೆ ಬದಿಯ ಮಣ್ಣಿನ ದಿಂಡಿಗೆ ಮೈಯುಜ್ಜಿಕೊಂಡು ನಿಂತಾಗ ಮುಂದಿನ ಎತ್ತಿನ ಕೊಂಬಿಗೂ ನಮಗೂ ನಡುವೆ ಒಂದು ಮೊಳವೂ ಇರಲಿಲ್ಲ. ಶಿವನೇ ಕಾಪಾಡಿದ ಅನ್ನಬೇಕು.

ದೊಡ್ಡಪ್ಪ ಇಳಿದ. ಬೆದರಿದ ಎತ್ತಿನ ಹಣೆ ಸವರಿ, ಗಾಡಿಯವರನ್ನು ಸಮಾಧಾನ ಮಾಡಿ ಮುಂದಕ್ಕೆ ಕಳಿಸಿದ. ಆಮೇಲೆ ಕಾರಿನ ಹಿಂದಿನ ಎಡಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಳಗೆ ಬೆರಳು ತೂರಿಸಿ, ಮೂಗಿಗೆ ಹಿಡಿದ.

"ಇದೇನಪ್ಪ, ಹುಚ್ಚೆಳ್ಳೆಣ್ಣೆ!"

ಡ್ರೈವರು ಅಲ್ಲೇ ಕುಸಿದು ಕೂತ. "ಬ್ರೇಕಿನ ಎಣ್ಣೆ ಮುಗ್ದೋಗಿತ್ತು ಕಣಯ್ಯ. ಮೈಸೂರಿಂದ ತರ್ಬೇಕು. ಸಾವ್ಕಾರ್ ಬುದ್ಧ್ಯೋರು ಈಗ್ಲೇ ಮದ್ವೆಗೋಗ್ಬೇಕು ಅಂತ ಕುಂತವ್ರೆ. ಎಣ್ಣೆ ಎಣ್ಣೇನೇ ಅಲ್ವಾ ಅಂತ ಮನೆ ಗಾಣದ್ದ ಉಯ್ದ್‌ಬುಟ್ಟೆ. ಒಳಗಡೆ ರಬ್ಬರೆಲ್ಲ ಕೊಳ್ತೋಯ್ತು. ನಾಕ್ ತಿಂಗ್ಳಿಂದ ಗೇರಲ್ಲೇ ನಿಲ್ಲಿಸ್ತಾ ಇವ್ನಿ. ಬುದ್ಧ್ಯೋರ್ಗೆ ಗೊತ್ತಾದ್ರೆ ಇವತ್ತೇ ಆಚೆಗಾಕ್ತರ. ಎರಡ್ ಹೆಣ್ ಮಕ್ಳ ಕಟ್ಕೊಂಡು ಎಲ್ಲಿಗೋಗ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ಮನ್ನ ಸಾಯಿಸ್ತಿದ್ಯಲ್ಲೋ! ನಡಿ, ಸಾವ್ಕಾರ್ರ ಮುಂದೇನೇ ಹೇಳು" ಎಂದು ಕೂಗಿದೆ.

"ನೀ ಬಾಯ್ ಮುಚ್ಕೊ," ಎಂದ ದೊಡ್ಡಪ್ಪ. ನನ್ನ ಮೇಲೆ ಆತ ದನಿ ಎತ್ತಿದ್ದು ಅದೊಂದೇ ಸಲ.

"ಹಾಗಾದ್ರೆ ಕಾರು ಬೇಡ ಅಂದು ಹೊರಟುಹೋಗೋಣ."

"ನಾವೋದ್ರೆ ನಾಳ ಊಟಿಯವ ಬತ್ತಾನ. ಇದ್ನ ತಕ್ಕೊಂಡು ಘಾಟಿಗೋಗ್ತಾನ. ಅವ್ನಗೂ ಮನೇಲಿ ಎಂಡ್ತಿ ಮಕ್ಳಿರಲ್ವ?" ಎಂದು ಡ್ರೈವರ ಕಡೆ ತಿರುಗಿದ. "ಎದ್ದೇಳು. ಮೊದ್ಲು ಆ ಎಣ್ಣೆ ಎಲ್ಲ ಬಸಿದಾಕು, ಒಂದ್ ತೊಟ್ಟೂ ಉಳೀಬಾರ್ದು. ಮಿಕ್ಕಿದ್ದ ನಾ ನೋಡ್ಕತೀನಿ."

ಎಣ್ಣೆ ಬಸಿದು, ಗಾಲಿ ಒರೆಸಿ, ಒಂದನೇ ಗೇರಿನಲ್ಲಿ ತೆವಳಿಕೊಂಡು ವಾಪಸು ಬಂದೆವು. ಹೇಳಿದರೆ ಈ ಮನುಷ್ಯನ ಸಂಸಾರ ಬೀದಿಗೆ ಬೀಳುತ್ತದೆ, ಹೇಳದಿದ್ದರೆ ನಾಳೆ ಇನ್ಯಾರದೋ ಪ್ರಾಣ ಹೋಗುತ್ತದೆ. ದೊಡ್ಡಪ್ಪ ಏನು ಮಾಡುತ್ತಾನೋ ನನಗೆ ಹೊಳೆಯಲಿಲ್ಲ.

ಜಗಲಿಯ ಮೇಲೆ ಸಾವ್ಕಾರರ ಜತೆ ಏಳೆಂಟು ಜನ ಕೂತಿದ್ದರು. ಬಾಗಿಲ ಮರೆಯಲ್ಲಿ ಅವರ ವಯಸ್ಸಾದ ತಾಯಿ ಇದ್ದರು.

"ಏನಂತೀರಿ? ಮಡ್‌ಗಾರ್ಡು ತರಚಿದ ಹಾಗಿದೆ?" ಎಂದರು ಸಾವ್ಕಾರರು.

"ಗಾಡಿ ಅಡ್ಡ ಬಂದೋ, ಕೆರೆ ದಿಂಡಿಗೆ ತಾಗ್ತು. ನಿಮ್ಮ ಡ್ರೈವರ್ ಇರಾಕ್ಕೆ ಉಳ್ಕೊಂಡೋ," ಎಂದ ದೊಡ್ಡಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡ. "ಕಾರು ಚೆಂದಾಗದ ಸಾವ್ಕಾರ್ರೇ. ಆದ್ರ ಹಿಂದಿನ ಎಡಗಾಲ್ನಲ್ಲಿ ಸುಳಿ ಕೆಟ್ಟದ್ದದ. ಮನೆ ಯಜಮಾನ್ನ ತಿನ್ನೋ ಸುಳಿ. ನಾಕು ಗಾಲೀನೂ ಬಿಚ್ಚಿ, ಒಳಗಿರೋ ರಬ್ಬರು ಪಬ್ಬರು ಎಲ್ಲ ಹೊಸಾದು ಆಕ್ಸಿ, ಪೂಜೆ ಮಾಡ್ಸಿ ಕೊಡಿ, ನಮ್ಮುಡುಗ ತಕತಾನ. ಹಂಗೇ ಮಾತ್ರ ಯಾರ್ಗೂ ಕೊಡ್ಬೇಡಿ, ದೋಸ ನಿಮ್ಗೇ ಸುತ್ಕತದ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆಯುವುದು ಸುಳಿ. ಅದರಲ್ಲಿ ಒಳ್ಳೆಯದು ಕೆಟ್ಟದ್ದು ನೋಡುವುದು ದಳ್ಳಾಳಿಯ ಕಸುಬು. ಆದರೆ ತಗಡಿಗೆ ಸುಳಿಯೇ? ಸಾವ್ಕಾರರು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಜಗಲಿಯೆಲ್ಲ ನಕ್ಕಿತು. "ಹಲ್ಲು ನೋಡ್ಲಿಲ್ವೇನಯ್ಯ?" ಎಂದನೊಬ್ಬ. ದೊಡ್ಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ನಿಂತಿದ್ದ.

ಸಾವ್ಕಾರರು ನನ್ನ ಕಡೆ ತಿರುಗಿದರು. "ಏನ್ ಮೇಷ್ಟ್ರೇ, ಓದಿದೋರು ನೀವೂ ಇದ್ನ ನಂಬ್ತೀರಾ?"

ನಾನು ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. "ಹಳೇ ಕಾಲದೋರು ಸ್ವಾಮಿ, ಏನ್ ಮಾಡೋಕಾಗುತ್ತೆ" ಎಂದೂ ಸೇರಿಸಿದೆ. ಆ ಜನರ ಮುಂದೆ ನಾನೂ ಹಳ್ಳಿಗುಗ್ಗು ಅನ್ನಿಸಿಕೊಳ್ಳಬಾರದೆಂಬ ನಾಚಿಕೆ, ಅಷ್ಟೇ. ಬೇರೆ ಯಾವ ಯೋಚನೆಯೂ ನನ್ನ ತಲೆಯಲ್ಲಿರಲಿಲ್ಲ.

ಒಳಗಿನಿಂದ ಆ ತಾಯಿ ಹೇಳಿದರು: "ನಗ್ತಾ ಕೂತ್ಕೋಬೇಡ ಮಗ. ಯಜಮಾನ್ನ ತಿನ್ನೋದು ಅಂದ್ಮೇಲೆ ಬಿಚ್ಚಿಸ್ಬುಡು. ಅಲ್ಲೀವರ್ಗೂ ಕಾರು ಹೊಸಲು ದಾಟ್ಕೂಡ್ದು." ತಾಯಿಯ ಮಾತನ್ನು ಸಾವ್ಕಾರರು ತೆಗೆದುಹಾಕುವವರಲ್ಲ. ಊಟಿಯವರನ್ನು ವಾಪಸು ಕಳಿಸಿದರು. ಮೈಸೂರಿನಿಂದ ಮಿಸ್ತ್ರಿ ಬಂದು ಗಾಲಿ ಬಿಚ್ಚಿದ. ರಬ್ಬರು ಹಳೆಯದಾಗಿ ಹೋಗಿದೆ ಎಂದು ಎಲ್ಲ ಹೊಸದು ಹಾಕಿದ. ಯಾರ ಮೇಲೂ ತಪ್ಪು ಬರಲಿಲ್ಲ. ತಿಂಗಳೊಳಗೆ ಕಾರು ನನ್ನ ಮನೆ ಮುಂದೆ ನಿಂತಿತು, ಹೆಂಡತಿ ಗೋಡೆ ಬಿಟ್ಟು ನನ್ನ ಮುಖ ನೋಡಿ ಮಾತಾಡಿದಳು.

ದೊಡ್ಡಪ್ಪನ ಗತಿ ಬೇರೆಯಾಯಿತು. ಸಾವ್ಕಾರರು ಹೋದ ಹೋದಲ್ಲೆಲ್ಲ ಆ ಕಥೆ ಹೇಳಿ ನಗಿಸಿದರು. ಸಂತೆಯಲ್ಲಿ "ಬಸ್ಸಿಗೂ ಒಸಿ ಸುಳಿ ನೋಡಣ್ಣ" ಎಂದು ಹುಡುಗರು ಕಿಚಾಯಿಸತೊಡಗಿದರು. ಆತ "ಬ್ಯಾಡ" ಎಂದರೆ ಮಾರುವವನು "ನಿನ್ನ ಸುಳಿ ಕಂಡಿದ್ದೀವಿ ಬುಡು" ಎನ್ನುವ ಮಟ್ಟಿಗೆ ಬಂತು. ಸಾವ್ಕಾರರ ಮನೆಯಿಂದ ಮತ್ತೆ ಎತ್ತಿಗೆ ಹೇಳಿಕಳಿಸಲಿಲ್ಲ. ಬೇಗೂರು, ಹಂಗಳದ ಕಡೆಯ ಮನೆಗಳೂ ಒಂದೊಂದಾಗಿ ಬಿಟ್ಟುಹೋದವು. ಮೂರು ವರ್ಷಕ್ಕೆ ದೊಡ್ಡಪ್ಪ ಸಂತೆಗೆ ಹೋಗುವುದನ್ನೇ ನಿಲ್ಲಿಸಿದ. ಅದೇ ಸಂತೆ ಮಾಳದ ಪಕ್ಕದಲ್ಲಿ ನಾನು ವಾರ ವಾರ ಬಾಡಿಗೆಗೆ ನಿಲ್ಲುತ್ತಿದ್ದೆ. ಬಾಯಿ ಬಿಟ್ಟರೆ ಡ್ರೈವರ ಕೆಲಸ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಿದ್ದೆ.

ಇನ್ನೆರಡು ವರ್ಷಕ್ಕೆ ಆತ ಹಾಸಿಗೆ ಹಿಡಿದ. ನೋಡಲು ಹೋದಾಗ ತಡೆಯಲಾರದೆ ಕೇಳಿದೆ: "ದೊಡ್ಡಪ್ಪ, ನಡೆದದ್ದನ್ನ ಎಲ್ಲರ ಮುಂದೆ ಹೇಳಿಬಿಡ್ಲಾ?"

"ಆ ಡ್ರೈವರ್ ಕಿರಿ ಮಗಳ್ದು ಮದ್ವೆ ಆಯ್ತಾ?"

"ಇನ್ನೂ ಇಲ್ಲ."

"ಅಂಗಾರ ಬುಡು ಅತ್ಲಾಗೆ," ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ. "ಅವತ್ತು ನೀ ನಕ್ಕಿದ್ದು ಶಾನೆ ಒಳ್ಳೇದಾಯ್ತು ಕಣ್ಲಾ ಮಗ. ನೀ ಮೊಕ ಸಪ್ಪಗ್ ಮಾಡ್ಕಂಡಿದ್ರ ಸಾವ್ಕಾರ್ಗೆ ಗುಮಾನಿ ಬಂದ್‌ಬುಡದು. ಚೆನ್ನಾಗ್ ಸಂಬಾಳಿಸ್ದೆ."

ಅದು ಬೇಕೆಂದು ನಕ್ಕ ನಗು ಅಲ್ಲ ದೊಡ್ಡಪ್ಪ, ನಿನ್ನನ್ನೇ ನೋಡಿ ನಕ್ಕದ್ದು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಎಂಟು ದಿನಕ್ಕೆ ಆತ ಹೋದ. ಮನುಷ್ಯರ ಮುಖ ನೋಡಿಯೇ ಬದುಕಿದವನಿಗೆ ನನ್ನ ನಗು ಎಂಥದೆಂದು ಅವತ್ತು ಜಗಲಿಯಲ್ಲೇ ಗೊತ್ತಾಗಿರಬೇಕು. ಗೊತ್ತಿದ್ದೂ ನನ್ನ ಮಾನ ಉಳಿಸಿ ಹೋದನೆಂದೇ ನಾನು ನಂಬಿದ್ದೇನೆ.