ಖಣದ ಚೀಲದ ಫೋನು

ಕಾಕಾರ ಅಂಗಿಯ ಜೇಬಿನಲ್ಲಿ ಎರಡು ಫೋನು. ಒಂದು ಹಾಗೇ ಇರುತ್ತಿತ್ತು, ಇನ್ನೊಂದಕ್ಕೆ ಖಣದ ಬಟ್ಟೆಯಲ್ಲಿ ಹೊಲಿದ, ಲಾಡಿ ಎಳೆದು ಕಟ್ಟುವ ಪುಟ್ಟ ಚೀಲ. ಸಂಬಂಧವೇನಿಲ್ಲ, ವಯಸ್ಸಿಗೆ ಕಾಕಾ. ಪ್ರತಿ ಸೋಮವಾರ ಬ್ರಹ್ಮಪುರದಿಂದ ಸೂಪರ್ ಮಾರ್ಕೆಟ್ಟಿನ ನಮ್ಮ ಅಂಗಡಿಗೆ ನಡೆದು ಬಂದು, ನಾನು ಕಮಲಾಪುರದಿಂದ ತರುವ ಕೆಂಪು ಬಾಳೆಹಣ್ಣು ಒಯ್ಯುತ್ತಿದ್ದರು. "ಹಣ್ಣು ಹೆಂಗದಾವ್ರಿ ಕಾಕಾ?" ಎಂದರೆ "ಹೂಂ", ಅಷ್ಟೇ. ಮುಖ ಸದಾ ಗಂಟು. ಇವರ ಬಾಯಿಂದ ಹೊಗಳಿಕೆ ಕೇಳುವ ಆಸೆಯನ್ನು ನಾನು ಎಂದೋ ಬಿಟ್ಟಿದ್ದೆ.

ಅಂಗಡಿಗಳಿಗೆ ಆನ್‌ಲೈನ್ ರಿವ್ಯೂ ಬರತೊಡಗಿದ ಮೇಲೆ, ಬರೆದವರ ಫೋಟೊ ನೋಡಿ ಖರೆ ಯಾವುದು, ಖೊಟ್ಟಿ ಯಾವುದು ಎಂದು ಹೇಳುವುದು ನನಗೂ ಪಕ್ಕದ ಕಟಿಂಗ್ ಅಂಗಡಿಯವನಿಗೂ ಒಂದು ಆಟ. ಗುಲಾಬಿ ಹೂವು, ಸಿನಿಮಾ ನಟನ ಮುಖ ಕಂಡರೆ ಖೊಟ್ಟಿ. ಒಂದು ಸೋಮವಾರ ಅವನು ಫೋನು ಹಿಡಿದು ನಗುತ್ತ ಬಂದ. ದೊಡ್ಡ ಕುಂಕುಮದ, ತಲೆಗೆ ಸೆರಗು ಹೊದ್ದ ಹೆಂಗಸಿನ ಫೋಟೊ, ಪಕ್ಕದಲ್ಲಿ, "ದಾಡಿ ಛಂದ ಮಾಡ್ಯಾರ. ಕೈ ಹಗುರ ಅದ." ಅದೇ ಮುಖ ನಮ್ಮ ಹಣ್ಣನ್ನೂ ಹೊಗಳಿತ್ತು.

"ಈ ಹೆಣ್ಮಗಳು ಯಾವಾಗ ನನ್ನ ಕಡೆ ದಾಡಿ ಮಾಡಿಸ್ಕೊಂಡಳ್ರಿ?" ಎಂದ. "ಖೊಟ್ಟಿ ಅಂತ ರಿಪೋರ್ಟ್ ಮಾಡ್ತೀನಿ. ನೀವೂ ಮಾಡ್ರಿ. ನಾಕು ಮಂದಿ ಮಾಡಿದ್ರ ಖಾತೆನೇ ಬಂದ್ ಆಗ್ತದ."

ಹಣ್ಣು ಆರಿಸುತ್ತಿದ್ದ ಕಾಕಾರ ಕೈ ನಿಂತಿತು. ಲಾಡಿ ಬಿಚ್ಚಿ ಚೀಲದ ಫೋನು ತೆಗೆದು ತೋರಿಸಿದರು. ಪರದೆಯ ಮೇಲೆ ಅದೇ ಹೆಂಗಸು.

"ಬಂದ್ ಮಾಡಿಸಬ್ಯಾಡ್ರಿ. ನನ್ನ ಮನಿಯಾಕಿ. ತೀರಿಕೊಂಡು ವರ್ಷಾತು. ಎಲ್ಲಿ ಹೋದ್ರೂ ನಾಕು ಛಲೋ ಮಾತು ಆಕಿನೇ ಆಡ್ತಿದ್ಲು. ನನಗ ಬಾಯಿಲೆ ಬರಂಗಿಲ್ಲ. ಆಕಿ ಫೋನಿನಾಗ ಬರೀತೀನಿ."

ಕಟಿಂಗ್ ಅಂಗಡಿಯವನ ನಗು ಅಡಗಿತು. "ನಿಮ್ಮ ಫೋಟೊ ಹಾಕ್ರಿ ಕಾಕಾ, ಯಾರೂ ಏನೂ ಅನ್ನಂಗಿಲ್ಲ," ಎಂದೆ ನಾನು.

"ನಂದು ಹಾಕಿದ್ರ ಆಕಿ ಎಲ್ಲಿ ಹೋಗ್ಬೇಕು?"

ಅವನು ರಿಪೋರ್ಟ್ ಮಾಡಲಿಲ್ಲ. ಅಂದಿನಿಂದ ನಾನು ಕಾಕಾಗೆ ಸ್ಟೂಲು ಹಾಕಿ ಕೂರಿಸುತ್ತಿದ್ದೆ. ಕೂತರೂ ಮಾತಿಲ್ಲ. ಅವರು ಮನೆ ಮುಟ್ಟಿದ ಮೇಲೆ ಹಳೆಯ ರಿವ್ಯೂಗೆ ಹೊಸ ಸಾಲು ಸೇರುತ್ತಿತ್ತು: "ಇವತ್ತಿನ ಹಣ್ಣು ಭಾಳ ಸವಿ. ಕೂಡಾಕ ಸ್ಟೂಲ್ ಕೊಡ್ತಾರ." ಖಾಲಿ ಮನೆಯಲ್ಲಿ ಒಬ್ಬರೇ ಕೂತು ಆ ಸಾಲು ಒತ್ತುವುದನ್ನು ನೆನೆದು, ಮುಂದಿನ ಸೋಮವಾರಕ್ಕೆ ಒಳ್ಳೆಯ ಹಣ್ಣು ಎತ್ತಿಡುತ್ತಿದ್ದೆ.

ಈ ಬೇಸಿಗೆಯಲ್ಲಿ ಕಾಕಾ ತೀರಿಹೋದರು. ಅವರದೊಂದು ಫೋಟೊ ನನ್ನ ಬಳಿ ಇಲ್ಲ. ಸೋಮವಾರ ಅಂಗಡಿ ಭಣಭಣ ಎನ್ನಿಸಿದಾಗ, ಫೋನಿನಲ್ಲಿ ಆ ರಿವ್ಯೂ ತೆಗೆದು, ನಾನು ಒಮ್ಮೆಯೂ ಕಾಣದ ಆ ತಾಯಿಯ ಮುಖವನ್ನು ನೋಡುತ್ತ ಕೂರುತ್ತೇನೆ.

ಮೊನ್ನೆ ಹೊಸ ಗಿರಾಕಿಯೊಬ್ಬರು ನನ್ನ ಫೋನಿನತ್ತ ಬಗ್ಗಿ, "ಯಾರ್ರೀ ಇವರು?" ಎಂದು ಕೇಳಿದರು.

"ನಮ್ಮ ಕಾಕಾ ಅವರು," ಎಂದೆ.